ಬೆಕ್ಕಿನ ಹಸಿವು ಇದ್ದಕ್ಕಿದ್ದಂತೆ ಹೆಚ್ಚಿದರೆ: ಊಟ ಕಡಿಮೆ ಮಾಡುವ ಮೊದಲು ಮಾಡಬೇಕಾದ ಕೆಲಸಗಳು

ಮೊನ್ನೆ ಮೊನ್ನೆಯವರೆಗೆ ಬಟ್ಟಲಲ್ಲಿ ಅರ್ಧ ಬಿಟ್ಟೇಳುತ್ತಿದ್ದ ಬೆಕ್ಕು ಈಗ ಬಟ್ಟಲನ್ನು ನೆಕ್ಕಿ ಮುಗಿಸಿ, ಅಡುಗೆಕಟ್ಟೆ ಹತ್ತಿ, ಕಸದ ಬುಟ್ಟಿ ಉರುಳಿಸಿ, ಬೆಳಗಿನ ಜಾವ ಮನೆಯವರನ್ನೆಲ್ಲ ಎಬ್ಬಿಸುತ್ತಿದೆ ಅಂದುಕೊಳ್ಳಿ. ಆಗ ಸಾಮಾನ್ಯವಾಗಿ ನಡೆಯುವುದು ಮೂರರಲ್ಲಿ ಒಂದು. ಊಟವನ್ನು ಅರ್ಧಕ್ಕೆ ಇಳಿಸುತ್ತಾರೆ. ಇಲ್ಲವೇ ಮೆಡಿಕಲ್ ಸ್ಟೋರಿನಿಂದ ಹುಳದ ಮಾತ್ರೆ ತಂದು ನುಂಗಿಸುತ್ತಾರೆ. ಇಲ್ಲವೇ ‘ಮುದ್ದು ಜಾಸ್ತಿಯಾಯ್ತು, ಸೊಕ್ಕು’ ಎಂದು ಸುಮ್ಮನಾಗುತ್ತಾರೆ.

ಮೂರರಲ್ಲೂ ತಪ್ಪಿರುವುದು ಕ್ರಮ. ಹೆಚ್ಚು ತಿಂದೂ ಇಳಿಯುತ್ತಿರುವ ಬೆಕ್ಕಿಗೂ, ಹೆಚ್ಚು ತಿಂದು ದಪ್ಪಗಾಗುತ್ತಿರುವ ಬೆಕ್ಕಿಗೂ ಮಾಡಬೇಕಾದ ಕೆಲಸ ಬೇರೆ ಬೇರೆ. ಯಾವುದು ನಿಮ್ಮದು ಎಂದು ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ, ಅದರಲ್ಲೂ ತುಪ್ಪಳ ದಟ್ಟವಾಗಿರುವ ಪರ್ಷಿಯನ್ ಮಿಶ್ರತಳಿಯ ಬೆಕ್ಕುಗಳಲ್ಲಿ. ಹಾಗಾಗಿ ಮೊದಲು ತಕ್ಕಡಿ, ಆಮೇಲೆ ಬಟ್ಟಲು.

## ಈ ಲಕ್ಷಣ ಕಂಡರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ

ಕೆಳಗಿನ ಹಂತಗಳಿಗೆಲ್ಲ ಸುಮಾರು ಒಂದು ವಾರ ಬೇಕು. ಈ ಸಂದರ್ಭಗಳಲ್ಲಿ ಅಷ್ಟು ಕಾಯುವಂತಿಲ್ಲ:

- ಗಂಡು ಬೆಕ್ಕು ಲಿಟ್ಟರ್ ಬಾಕ್ಸಿನಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಅಥವಾ ಹನಿ ಹನಿ ಬರುತ್ತಿದೆ. ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ.
- ಬಾಯಿ ತೆರೆದು ಏದುಸಿರು ಬಿಡುತ್ತಿದೆ, ಅಥವಾ ಗಾಢ ನಿದ್ದೆಯಲ್ಲೂ ಉಸಿರು ನಿಮಿಷಕ್ಕೆ 40 ದಾಟುತ್ತಿದೆ.
- ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ, ತಣ್ಣಗಾಗಿ, ಬೆಕ್ಕು ಚೀರುತ್ತಿದೆ.
- ವಾರಗಟ್ಟಲೆ ಹೊಟ್ಟೆಬಾಕನಂತೆ ತಿಂದ ಬೆಕ್ಕು ಈಗ ಒಂದು ದಿನದಿಂದ ಏನೂ ಮುಟ್ಟುತ್ತಿಲ್ಲ, ವಾಂತಿ ಮಾಡುತ್ತಿದೆ, ಮಂಕಾಗಿದೆ. ಗುರುತಿಸದೆ ಉಳಿದ ಸಕ್ಕರೆ ಕಾಯಿಲೆ ಕೈಮೀರುವುದು ಹೀಗೆಯೇ.
- ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದೆ. ಎಳೆಯಬೇಡಿ. ಒಳಗೆ ಕರುಳು ಆ ದಾರದ ಮೇಲೆ ನೆರಿಗೆಯಾಗಿ ಕೂತಿರುತ್ತದೆ, ಎಳೆದರೆ ಕರುಳು ಕೊಯ್ಯುತ್ತದೆ.
- ಕಣ್ಣಿನ ಪಾಪೆ ಬೆಳಕಿನಲ್ಲೂ ದೊಡ್ಡದಾಗಿಯೇ ಇದೆ, ಬೆಕ್ಕು ಗೋಡೆಗೆ, ಕುರ್ಚಿಗೆ ಢಿಕ್ಕಿ ಹೊಡೆಯುತ್ತಿದೆ.

## ಬೇಕಾಗುವ ಸಾಮಾನು

1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು. ಬೆಕ್ಕನ್ನು ತೂಗಲು ಮಗುವಿನ ತಕ್ಕಡಿ, ಅಥವಾ ಸೂಟ್‌ಕೇಸ್ ತೂಗುವ ನೇತುಹಾಕುವ ತಕ್ಕಡಿ. 10 ಗ್ರಾಂ ವ್ಯತ್ಯಾಸ ತೋರಿಸಿದರೆ ಸಾಕು. ಮಿ.ಲೀ. ಗುರುತಿರುವ ಅಳತೆ ಲೋಟ, ಒಂದೇ ಅಳತೆಯ ಎರಡು ನೀರಿನ ಬಟ್ಟಲು, ಮುಚ್ಚಳ ಗಟ್ಟಿಯಾಗಿರುವ ಒಂದೆರಡು ಸಣ್ಣ ಡಬ್ಬಿ, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್, ಮೇಲಿನಿಂದಲೂ ತೆರೆಯಬಹುದಾದ ಕ್ಯಾರಿಯರ್. ಜೊತೆಗೆ ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಬರೆದರೂ ಆದೀತು, ಆದರೆ ಮನೆಯಲ್ಲಿ ನಾಲ್ಕು ಜನ ಊಟ ಹಾಕುವವರಿದ್ದರೆ ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ ಹಾಳೆಯೇ ವಾಸಿ.

## ಹಂತ 1: ತೂಕ ನೋಡಿ

ಮನುಷ್ಯರ ತಕ್ಕಡಿಯ ಮೇಲೆ ಬೆಕ್ಕನ್ನೆತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬಾರದು. ಆ ತಕ್ಕಡಿ ಎರಡು ಸಲಕ್ಕೂ 100 ಗ್ರಾಂ ಆಚೀಚೆ ತೋರಿಸಬಹುದು. 4 ಕೆ.ಜಿ. ಬೆಕ್ಕಿಗೆ 200 ಗ್ರಾಂ ಇಳಿಕೆಯೆಂದರೆ ದೇಹತೂಕದ 5%. ಹಿಡಿಯಬೇಕಾದದ್ದೇ ಆ 200 ಗ್ರಾಂ.

ಖಾಲಿ ಕ್ಯಾರಿಯರ್ ತೂಗಿ ಬರೆದಿಡಿ. ಬೆಳಗಿನ ಊಟಕ್ಕೆ ಮೊದಲು, ಬೆಕ್ಕನ್ನು ಒಳಗೆ ಬಿಟ್ಟು ತೂಗಿ ಕಳೆಯಿರಿ. ಮೊದಲ ವಾರ ಮೂರು ಸಲ, ಒಂದೇ ಹೊತ್ತಿಗೆ. ಹಳೆಯ ತೂಕ ಬೇಕಿದ್ದರೆ ಲಸಿಕೆಯ ಪುಸ್ತಕ ತೆಗೆದು ನೋಡಿ. ಪ್ರತಿ ಲಸಿಕೆಯ ದಿನ ವೈದ್ಯರು ತೂಕ ಬರೆದಿರುವುದುಂಟು, ಯಾರೂ ಅದನ್ನು ತಿರುವಿ ನೋಡಿರುವುದಿಲ್ಲ.

ತೂಗಿದ ಮೇಲೆ ಕೈಯಿಂದ ಮುಟ್ಟಿ ನೋಡಿ. ಪಕ್ಕೆಲುಬಿನ ಮೇಲೆ ಬೆರಳು ಆಡಿಸಿದಾಗ ನಿಮ್ಮ ಅಂಗೈ ತಿರುವಿ ಹಿಂಬದಿಯ ಮೂಳೆ ಮುಟ್ಟಿದಷ್ಟು ಸಿಕ್ಕರೆ ಸರಿಯಾದ ಮೈ. ಒತ್ತಿದರೂ ಸಿಗದಿದ್ದರೆ ಬೊಜ್ಜು. ಬೆನ್ನುಮೂಳೆಯ ಎರಡೂ ಬದಿಯನ್ನು ಬೇರೆಯಾಗಿ ನೋಡಬೇಕು. ಹೊಟ್ಟೆ ಜೋತಿದ್ದರೂ ಬೆನ್ನಿನ ಮಾಂಸ ಕರಗಿ ಮೂಳೆ ಏಣಾಗಿ ಸಿಕ್ಕರೆ ಅದು ಕಾಯಿಲೆಯ ಸೂಚನೆ. ಮನೆಯವರು ಹೊಟ್ಟೆ ನೋಡಿ ‘ದಪ್ಪಗಿದೆ’ ಅನ್ನುತ್ತಿರುತ್ತಾರೆ, ಮಾಂಸ ಬೆನ್ನಿನಿಂದ ಹೋಗುತ್ತಿರುತ್ತದೆ.

## ಹಂತ 2: ಒಳಗೆ ಹೋಗುವುದೆಲ್ಲ ಲೆಕ್ಕಕ್ಕೆ ಬರಲಿ

ಮೂರು ದಿನ ಊಟ ಬದಲಿಸಬೇಡಿ, ಕಡಿಮೆಯನ್ನೂ ಮಾಡಬೇಡಿ. ಹಾಕುವುದನ್ನು ತೂಗಿ ಹಾಕಿ, ಉಳಿದದ್ದನ್ನು ತೂಗಿ ಕಳೆಯಿರಿ. ‘ಒಂದು ಹಿಡಿ’ ಅನ್ನುವುದು ಅಮ್ಮನ ಕೈಯಲ್ಲಿ 20 ಗ್ರಾಂ ಇದ್ದರೆ ಅಪ್ಪನ ಕೈಯಲ್ಲಿ 35 ಇರುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಬೆಕ್ಕು ಬಾಲ್ಕನಿಯಿಂದ ಓಡಾಡುವಂತಿದ್ದರೆ ಪಕ್ಕದ ಮನೆ, ಕೆಳಗಿನ ಸೆಕ್ಯೂರಿಟಿ, ಬೀದಿಬೆಕ್ಕುಗಳಿಗೆ ಊಟ ಇಡುವವರು, ಎಲ್ಲರನ್ನೂ ಕೇಳಿ. ಹೊರಗೆ ತಿಂದು ಬರುವ ಬೆಕ್ಕಿನ ಕೊರಳಿಗೆ, ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿ ಹಾಕಿ ‘ದಯವಿಟ್ಟು ಊಟ ಹಾಕಬೇಡಿ’ ಎಂದು ಚೀಟಿ ಕಟ್ಟಿದರೆ ಎರಡು ದಿನದಲ್ಲಿ ಉತ್ತರ ಸಿಗುತ್ತದೆ. ತದ್ವಿರುದ್ಧವೂ ಆಗುತ್ತದೆ: ಇಷ್ಟು ದಿನ ಊಟ ಹಾಕುತ್ತಿದ್ದ ನೆರೆಯವರು ಮನೆ ಖಾಲಿ ಮಾಡಿಕೊಂಡು ಹೋಗಿರುತ್ತಾರೆ, ನಿಮ್ಮ ಮನೆಯಲ್ಲಿ ಹಸಿವು ‘ಇದ್ದಕ್ಕಿದ್ದಂತೆ’ ಹೆಚ್ಚಾಗಿ ಕಾಣುತ್ತದೆ.

ಹಾಲು, ಮೊಸರನ್ನ, ಬಿಸ್ಕತ್ತು, ಮೀನಿನ ತುಂಡು ಎಲ್ಲವನ್ನೂ ಬರೆಯಿರಿ. ನಂದಿನಿ ನೀಲಿ ಪ್ಯಾಕೆಟ್ಟಿನ 100 ಮಿ.ಲೀ. ಹಾಲಿನಲ್ಲಿ ಸುಮಾರು 60 ಕಿಲೋಕ್ಯಾಲರಿ ಇದೆ, 4 ಕೆ.ಜಿ. ಬೆಕ್ಕಿನ ದಿನದ ಅಗತ್ಯದ ಕಾಲುಭಾಗ. ಬಹುಪಾಲು ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿ ಬೇರೆ.

ಸಸ್ಯಾಹಾರಿ ಮನೆಗಳಿಗೆ ಒಂದು ಮಾತು. ಹಾಲನ್ನ, ಮೊಸರನ್ನದ ಮೇಲೆಯೇ ಬೆಳೆಯುತ್ತಿರುವ ಬೆಕ್ಕು ಎಷ್ಟು ತಿಂದರೂ ಜಿರಳೆ, ಹಲ್ಲಿ ಹುಡುಕಿಕೊಂಡು ಹೋದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೆಕ್ಕಿಗೆ ಮಾಂಸದ ಪ್ರೋಟೀನ್ ಬೇಕೇ ಬೇಕು, ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಅದು ಸಿಗದಿದ್ದರೆ ದಿನಕಳೆದಂತೆ ಕಣ್ಣಿನ ಪರದೆ, ಹೃದಯದ ಸ್ನಾಯು ಎರಡೂ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಬೆಕ್ಕಿನದೇ ಪ್ಯಾಕೆಟ್ ಆಹಾರ ತನ್ನಿ. ನಾಯಿಯದು ಆಗುವುದಿಲ್ಲ.

ಇನ್ನೊಂದು ಕೇಳಿಕೊಳ್ಳಬೇಕಾದ ಪ್ರಶ್ನೆ: ಕಳೆದ ಒಂದೆರಡು ತಿಂಗಳಲ್ಲಿ ಕೆರೆತಕ್ಕೋ ಒಸಡಿನ ಊತಕ್ಕೋ ಸೂಜಿ ಹಾಕಿಸಿದ್ದೀರಾ? ಸ್ಟೀರಾಯ್ಡ್ ಆಗಿದ್ದರೆ ಹಸಿವು, ಬಾಯಾರಿಕೆ ಎರಡೂ ಏರುತ್ತವೆ. ದೀರ್ಘಕಾಲ ಕೆಲಸ ಮಾಡುವ ಸೂಜಿಯ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ, ಕೆಲವು ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆಗೂ ದಾರಿಯಾಗುತ್ತದೆ. ಚೀಟಿಯಲ್ಲಿ ಔಷಧದ ಹೆಸರಿಲ್ಲದಿದ್ದರೆ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಮಾತ್ರೆಯ ರೂಪದಲ್ಲಿ ಕೊಡುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಅದನ್ನು ಹಂತ ಹಂತವಾಗಿ ಇಳಿಸಬೇಕು.

## ಹಂತ 3: ನೀರು, ಮೂತ್ರ, ಮಲ, ವಾಂತಿ

ಬೆಳಿಗ್ಗೆ 500 ಮಿ.ಲೀ. ಅಳೆದು ಬೆಕ್ಕಿನ ಬಟ್ಟಲಿಗೆ ಹಾಕಿ. ಅಷ್ಟೇ ನೀರನ್ನು ಇನ್ನೊಂದು ಬಟ್ಟಲಿಗೆ ಹಾಕಿ ಬೆಕ್ಕಿಗೆ ಎಟುಕದ ಕಡೆ ಇಡಿ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಎರಡನೆಯದರಲ್ಲಿ ಕಡಿಮೆಯಾದದ್ದು ಗಾಳಿಗೆ ಆರಿದ್ದು. ಅದನ್ನು ಕಳೆದರೆ ಬೆಕ್ಕು ಕುಡಿದದ್ದು ಸಿಗುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಸೆಕೆಯಲ್ಲಿ ಈ ಎರಡನೇ ಬಟ್ಟಲು ಇಲ್ಲದಿದ್ದರೆ ಲೆಕ್ಕ ಪೂರ್ತಿ ಹಾದಿ ತಪ್ಪುತ್ತದೆ. ಬಕೆಟ್, ಗಿಡದ ತಟ್ಟೆ, ಬಾತ್‌ರೂಮಿನ ನೀರು ಮೂರು ದಿನ ಮುಚ್ಚಿರಲಿ.

ಕೆ.ಜಿ. ತೂಕಕ್ಕೆ ದಿನಕ್ಕೆ 50 ಮಿ.ಲೀ. ದಾಟಿದರೆ ಅನುಮಾನಪಡಬೇಕು. 4 ಕೆ.ಜಿ. ಬೆಕ್ಕಿಗೆ ಅದು 200 ಮಿ.ಲೀ. ಕೆ.ಜಿ.ಗೆ 100 ಮಿ.ಲೀ. ದಾಟಿದರೆ ಅನುಮಾನದ ಮಾತೇ ಇಲ್ಲ, ತೊಂದರೆ ಇದ್ದೇ ಇದೆ. ವೆಟ್ ಫುಡ್ ತಿನ್ನುವ ಬೆಕ್ಕು ಬಟ್ಟಲಿನಿಂದ ಬಹಳ ಕಡಿಮೆ ಕುಡಿಯುತ್ತದೆ, ಅಂಥದ್ದು ದಿನಕ್ಕೆ 100 ಮಿ.ಲೀ. ಕುಡಿದರೂ ವೈದ್ಯರಿಗೆ ಹೇಳಿ.

ಲಿಟ್ಟರ್ ಬಾಕ್ಸಿನಲ್ಲಿ ಮೂತ್ರ ಹೀರಿ ಗಟ್ಟಿಯಾದ ಉಂಡೆಗಳು ಎಷ್ಟು, ಎಷ್ಟು ದೊಡ್ಡವು ಎಂದು ನೋಡಿ. ನಿಂಬೆಹಣ್ಣಿನ ಗಾತ್ರದವು ಮೂಸಂಬಿಯ ಗಾತ್ರಕ್ಕೆ ಬಂದಿದ್ದರೆ ಮೂತ್ರ ಹೆಚ್ಚಾಗಿದೆ. ಚಿಕ್ಕ ಚಿಕ್ಕವು ಹತ್ತಾರಿದ್ದರೆ ಮೂತ್ರಕೋಶದ ತೊಂದರೆ, ಅದು ಬೇರೆ ದಾರಿ.

ಮಲದ ಮೇಲೆ, ಬಾಲದ ಬುಡದ ಕೂದಲಲ್ಲಿ, ಮಲಗುವ ಬಟ್ಟೆಯಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ ಲಾಡಿಹುಳು. ಒಣಗಿದರೆ ಎಳ್ಳಿನಂತೆ ಕಾಣುತ್ತದೆ. ವಾಂತಿಯಲ್ಲೋ ಮಲದಲ್ಲೋ ಉದ್ದನೆಯ ದಾರದಂಥ ಹುಳು ಬಂದರೆ ದುಂಡುಹುಳು. ಏನೂ ಕಾಣದಿದ್ದರೆ ಹುಳುವಿಲ್ಲ ಎಂದು ಅರ್ಥವಲ್ಲ, ಅದಕ್ಕೇ ಮಲಪರೀಕ್ಷೆ.

ತಿಂದ ಐದು ಹತ್ತು ನಿಮಿಷದೊಳಗೆ ಡ್ರೈ ಫುಡ್ ಕಾಳು ಕಾಳಾಗಿಯೇ ಹೊರಬಂದರೆ ಗಬಗಬ ತಿಂದದ್ದು ಕಾರಣವಿರಬಹುದು. ಹೊರಹಾಕಿದ ಬೆಕ್ಕಿಗೆ ಮತ್ತೆ ಹಸಿವಾಗುತ್ತದೆ, ಮನೆಯವರು ಮತ್ತೆ ಹಾಕುತ್ತಾರೆ, ಒಂದೇ ಊಟ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಗಂಟೆಗಳ ನಂತರ, ಹೊಟ್ಟೆ ಹಿಂಡಿ, ನೊರೆ ಅಥವಾ ಹಳದಿ ನೀರಿನೊಂದಿಗೆ ಬಂದರೆ ಅದು ನಿಜವಾದ ವಾಂತಿ.

## ಹಂತ 4: ವರ್ತನೆಯನ್ನು ಮಾತಲ್ಲಿ ವರ್ಣಿಸಬೇಡಿ, ವಿಡಿಯೊ ಮಾಡಿ

‘ಒಂಥರಾ ಆಡ್ತಿದೆ ಡಾಕ್ಟ್ರೇ’ ಎಂದರೆ ಯಾವ ವೈದ್ಯರಿಗೂ ದಾರಿ ಸಿಗುವುದಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಕಲ್ಲಿನಂತೆ ಕೂತಿರುತ್ತದೆ, ಮನೆಯ ಆಟ ಅಲ್ಲಿ ಆಡುವುದಿಲ್ಲ. ಕೂಗುವಾಗ, ನಡೆಯುವಾಗ, ತಿನ್ನುವಾಗ 30 ಸೆಕೆಂಡಿನ ವಿಡಿಯೊ ತೆಗೆಯಿರಿ. ನಿದ್ದೆಯಲ್ಲಿ ಎದೆ ಏರಿಳಿಯುವುದನ್ನೂ ಒಂದು ನಿಮಿಷ ತೆಗೆಯಿರಿ, ಉಸಿರು ನಿಮಿಷಕ್ಕೆ 30ರೊಳಗಿದ್ದರೆ ಸರಿ.

ನಡಿಗೆಯನ್ನು ಪಕ್ಕದಿಂದ ತೆಗೆಯಬೇಕು. ಹಿಂಗಾಲಿನ ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯುತ್ತಿದ್ದರೆ ಸಕ್ಕರೆ ಕಾಯಿಲೆಯಲ್ಲಿ ನರ ಸೋತಿರುವ ಲಕ್ಷಣ. ಮಣ್ಣು, ಗೋಡೆಯ ಸುಣ್ಣ, ಲಿಟ್ಟರ್ ನೆಕ್ಕುತ್ತಿದ್ದರೆ ರಕ್ತಹೀನತೆಯ ಅನುಮಾನ. ತುಟಿ ಎತ್ತಿ ಒಸಡು ಬಿಳಿಚಿಕೊಂಡಿದೆಯೇ ನೋಡಿ. ಪ್ಲಾಸ್ಟಿಕ್ ಕವರ್, ಉಣ್ಣೆಬಟ್ಟೆ, ಹೂಮಾಲೆಯ ದಾರ ತಿನ್ನುವ ಅಭ್ಯಾಸ ಹೊಸದಾಗಿ ಶುರುವಾಗಿದ್ದರೆ ಅದನ್ನೂ ಬರೆಯಿರಿ, ಆ ವಸ್ತುಗಳನ್ನು ಇವತ್ತೇ ಒಳಗಿಡಿ.

ಮನೆಯಲ್ಲಿ ಏನು ಬದಲಾಯಿತು ಎಂಬ ಪಟ್ಟಿಯೂ ಬೇಕು. 11 ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸಿದ್ದು, ಮೇಲಿನ ಮಹಡಿಯ ಡ್ರಿಲ್ಲಿಂಗ್, ದೀಪಾವಳಿಯ ಪಟಾಕಿ, ಮನೆಯಿಂದ ಕೆಲಸ ಮಾಡುತ್ತಿದ್ದವರು ಆಫೀಸಿಗೆ ಹೊರಟದ್ದು, ಹೊಸ ಬೆಕ್ಕು ಬಂದದ್ದು. ಇಂಥವು ಬೆಕ್ಕನ್ನು ಬಟ್ಟಲಿನ ಹತ್ತಿರ ಕೂರಿಸಬಲ್ಲವು. ಆದರೆ ಈ ತೀರ್ಮಾನ ಕೊನೆಯದಾಗಿರಲಿ. ತೂಕ ಇಳಿಯುತ್ತಿರುವ ಬೆಕ್ಕಿಗೆ ‘ಮನೆ ಬದಲಾಯಿಸಿದ್ದಕ್ಕೆ ಬೇಜಾರು’ ಎಂಬ ವಿವರಣೆ ಒಪ್ಪುವುದಿಲ್ಲ.

## ಹಂತ 5: ಎಲ್ಲವನ್ನೂ ಜೋಡಿಸಿ ಓದಿ

ಈಗ ಕೈಯಲ್ಲಿ ಎರಡು ಮುಖ್ಯ ಸಂಗತಿ ಇವೆ: ಊಟ ನಿಜವಾಗಿ ಹೆಚ್ಚಾಗಿದೆಯೇ, ತೂಕ ಯಾವ ಕಡೆ ಹೋಗುತ್ತಿದೆ. ಉಳಿದವು ಇವೆರಡಕ್ಕೆ ಸಾಕ್ಷಿ.

ಊಟ ಹೆಚ್ಚು, ತೂಕ ಇಳಿಕೆ. ಇದು ತಡೆದುಕೊಳ್ಳುವ ಜೋಡಿಯಲ್ಲ. ಒಂದು ವರ್ಷದೊಳಗಿನ ಮರಿಯಲ್ಲಿ, ಬೀದಿಯಿಂದ ತಂದ ಬೆಕ್ಕಿನಲ್ಲಿ ಮೊದಲ ಅನುಮಾನ ಹುಳು. ನಡುವಯಸ್ಸು ದಾಟಿದ, ಅದರಲ್ಲೂ ಮೊದಲು ದಪ್ಪಗಿದ್ದ ಗಂಡು ಬೆಕ್ಕು ನೀರೂ ಹೆಚ್ಚು ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆ. 10 ವರ್ಷ ದಾಟಿದ ಬೆಕ್ಕು ಹೆಚ್ಚು ತಿಂದು, ಇಳಿದು, ರಾತ್ರಿ ದೊಡ್ಡ ದನಿಯಲ್ಲಿ ಕೂಗಿ, ಒಂದೆಡೆ ಕೂರದೆ ಅಲೆದು, ತುಪ್ಪಳ ಕೆದರಿಕೊಂಡಿದ್ದರೆ ಥೈರಾಯ್ಡ್ ಹೆಚ್ಚಳ. ಮನೆಯವರು ಇದನ್ನೇ ‘ವಯಸ್ಸಾದರೂ ಎಷ್ಟು ಚುರುಕಾಗಿದೆ’ ಎಂದು ಮೆಚ್ಚಿಕೊಂಡಿರುತ್ತಾರೆ. ಇಲ್ಲಿ ಥೈರಾಯ್ಡ್ ಗ್ರಂಥಿ ದೇಹದ ಉರಿಯನ್ನು ಹೆಚ್ಚಿಸಿರುತ್ತದೆ, ತಿಂದದ್ದು ಸಾಲದೆ ಮಾಂಸವೇ ಕರಗುತ್ತದೆ, ಹೃದಯ ಓಡುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಕ್ಕೆ ಸೇರುವುದಿಲ್ಲ. ಅದು ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದೊಯ್ಯುತ್ತದೆ, ಅದಕ್ಕೇ ಬಾಯಾರಿಕೆ. ಮಲ ಸಡಿಲವಾಗಿ, ಜಿಡ್ಡಾಗಿ, ಬಹಳ ಹೋಗುತ್ತಿದ್ದರೆ ಅರಗದಿರುವ ತೊಂದರೆ: ಕರುಳಿನ ದೀರ್ಘಕಾಲದ ಉರಿಯೂತ, ಮುದಿ ಬೆಕ್ಕಿನಲ್ಲಿ ಕರುಳಿನ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್), ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಕೊರತೆ.

ಊಟ ಹೆಚ್ಚು, ತೂಕವೂ ಏರಿಕೆ. ಆಪರೇಶನ್ ಆಗದ ಹೆಣ್ಣು ಬೆಕ್ಕಾದರೆ ಮೊದಲು ಗರ್ಭ ಎಂದುಕೊಳ್ಳಿ. ಒಂದೇ ಒಂದು ಸಂಜೆ ಬಾಲ್ಕನಿಯಿಂದ ಹೊರಹೋಗಿದ್ದರೂ ಸಾಕು. ನಾಲ್ಕೈದು ತಿಂಗಳ ಮರಿಯೂ ಬೆದೆಗೆ ಬರುತ್ತದೆ. ಗರ್ಭದ ಅವಧಿ 9 ವಾರ, ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟು ಗುಲಾಬಿಯಾಗಿ ಉಬ್ಬುತ್ತದೆ. ಅಂಥ ಬೆಕ್ಕಿಗೆ ಊಟ ಕಡಿಮೆ ಮಾಡುವುದು, ಕೇಳದೆ ಹುಳದ ಮಾತ್ರೆ ಹಾಕುವುದು ಎರಡೂ ಬೇಡ. ಸಂತಾನಹರಣ ಆಪರೇಶನ್ ಆಗಿ ಕೆಲವೇ ವಾರವಾಗಿದ್ದರೆ ಕಾರಣ ಸರಳ: ಹಾರ್ಮೋನ್ ಹೋದ ಮೇಲೆ ಹಸಿವು ಏರುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಕಾಲುಭಾಗದಷ್ಟು ಇಳಿಯುತ್ತದೆ. ಸ್ಟೀರಾಯ್ಡ್ ಬಗ್ಗೆ ಆಗಲೇ ಹೇಳಿದ್ದಾಯಿತು. ಇವಾವುದೂ ಇಲ್ಲದಿದ್ದರೆ ದಿನವಿಡೀ ತುಂಬಿರುವ ಬಟ್ಟಲು ಮತ್ತು ಬೇಸರ. ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಬೆಕ್ಕು ಡೋಸ್ ಏರಿಸಿದರೂ ಹತೋಟಿಗೆ ಬಾರದೆ ದಪ್ಪಗಾಗುತ್ತಿದ್ದರೆ ಬೆಳವಣಿಗೆಯ ಹಾರ್ಮೋನಿನ ತೊಂದರೆ ಇದೆಯೇ ಎಂದು ವೈದ್ಯರನ್ನು ಕೇಳಿ.

ಕೇಳುವುದು ಹೆಚ್ಚು, ತಿನ್ನುವುದು ಅಷ್ಟೇ ಅಥವಾ ಕಡಿಮೆ. ಬಟ್ಟಲಿನ ಹತ್ತಿರ ಓಡಿ ಬರುತ್ತದೆ, ಮೂಸುತ್ತದೆ, ಬಿಡುತ್ತದೆ, ಮತ್ತೆ ಕೂಗುತ್ತದೆ. ಬಾಯಿ ನೋಯುತ್ತಿದೆ. ಹಲ್ಲು, ಒಸಡು, ನಾಲಿಗೆಯ ಅಡಿ ಪರೀಕ್ಷೆಯಾಗಬೇಕು. 12 ವರ್ಷ ದಾಟಿದ್ದು ತಿಂದ ಅರ್ಧ ಗಂಟೆಗೆ ತಿಂದದ್ದನ್ನೇ ಮರೆತಂತೆ ಕೇಳಿ, ಮೂಲೆಯಲ್ಲಿ ನಿಂತು ಗೋಡೆ ನೋಡುತ್ತಿದ್ದರೆ ಮುಪ್ಪಿನ ಮರೆವು ಇರಬಹುದು, ಆದರೆ ಥೈರಾಯ್ಡ್ ಮತ್ತು ರಕ್ತದೊತ್ತಡ ನೋಡದೆ ಹಾಗೆ ತೀರ್ಮಾನಿಸಬಾರದು.

ಆರು ತಿಂಗಳೊಳಗಿನ ಮರಿ ದೊಡ್ಡ ಬೆಕ್ಕಿನಷ್ಟೇ ತಿನ್ನುತ್ತಿದ್ದರೆ, ತೂಕ ವಾರವಾರ ಏರುತ್ತಿದ್ದರೆ, ಅದು ಬೆಳೆಯುತ್ತಿದೆ ಅಷ್ಟೇ. ಹಾಕಿ.

## ಹಂತ 6: ವೈದ್ಯರ ಬಳಿ

ಕ್ಯಾರಿಯರನ್ನು ಮೂರ್ನಾಲ್ಕು ದಿನ ಮೊದಲೇ ನಡುಮನೆಯಲ್ಲಿ ಬಾಗಿಲು ತೆರೆದಿಟ್ಟು ಒಳಗೆ ಹಳೆಯ ಬಟ್ಟೆ ಹಾಸಿ, ಊಟವನ್ನೂ ಅಲ್ಲೇ ಇಡಿ. ಹೊರಡುವ ದಿನ ಮೇಲೆ ಟವೆಲ್ ಹೊದಿಸಿ. ಆಟೊದಲ್ಲಿ ಮಡಿಲಲ್ಲಿ ಹಿಡಿದುಕೊಂಡು ಹೋಗುವ ಸಾಹಸ ಬೇಡ. ಸಿಗ್ನಲ್ಲಿನಲ್ಲಿ ಒಂದು ಬಸ್ ಹಾರ್ನ್ ಹೊಡೆದರೆ ಬೆಕ್ಕು ರಸ್ತೆಯಲ್ಲಿರುತ್ತದೆ. ಬಹಳ ಹೆದರುವ ಬೆಕ್ಕಾದರೆ ಮನೆಯಿಂದಲೇ ಕೊಟ್ಟು ಹೊರಡಬಹುದಾದ ಔಷಧವನ್ನು ವೈದ್ಯರು ಬರೆದುಕೊಡುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿ.

ಇದು ಬರಿಯ ಗಾಬರಿಯ ಪ್ರಶ್ನೆಯಲ್ಲ. ಹೆದರಿದ ಬೆಕ್ಕಿನ ರಕ್ತದ ಸಕ್ಕರೆ ಆ ಹೊತ್ತಿಗೆ ಏರಿರುತ್ತದೆ, ಸಕ್ಕರೆ ಕಾಯಿಲೆಯಿಲ್ಲದಿದ್ದರೂ ಇದೆ ಎಂದು ತೋರಬಹುದು. ಒಂದೇ ಗ್ಲುಕೋಸ್ ಪರೀಕ್ಷೆಯ ಮೇಲೆ ಇನ್ಸುಲಿನ್ ಶುರು ಮಾಡುವ ಮಾತು ಬಂದರೆ ಮೂತ್ರದ ಸಕ್ಕರೆ ಮತ್ತು ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸೋಣವೇ ಎಂದು ಕೇಳಿ. ಫ್ರಕ್ಟೋಸಮೈನ್ ಕಳೆದ ಒಂದೆರಡು ವಾರದ ಸರಾಸರಿಯನ್ನು ಹೇಳುತ್ತದೆ, ಆ ಕ್ಷಣದ ಹೆದರಿಕೆಗೆ ಬದಲಾಗುವುದಿಲ್ಲ.

ಮಲದ ಮಾದರಿಯನ್ನು ಒಣ ಡಬ್ಬಿಯಲ್ಲಿ ಫ್ರಿಡ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಮೂರು ಬೇರೆ ಬೇರೆ ದಿನದ್ದಾದರೆ ಹುಳು ಸಿಗುವ ಸಾಧ್ಯತೆ ಹೆಚ್ಚು. ಮೂತ್ರಕ್ಕೆ ಲಿಟ್ಟರ್ ಬಾಕ್ಸನ್ನು ತೊಳೆದು ಒಣಗಿಸಿ, ಅಕ್ವೇರಿಯಂ ಕಲ್ಲನ್ನು ಚೆನ್ನಾಗಿ ತೊಳೆದು ತೆಳುವಾಗಿ ಹರಡಿ. ಬೆಕ್ಕು ಮೂತ್ರ ಮಾಡಿದ ಮೇಲೆ ತಟ್ಟೆ ವಾಲಿಸಿ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಕೆಲವೇ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ವೈಟ್‌ಫೀಲ್ಡಿನಿಂದ ಹೆಬ್ಬಾಳಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಹೊರಡುವವರು ಐಸ್ ಪ್ಯಾಕ್ ಇಟ್ಟುಕೊಂಡೇ ಹೊರಡಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಬಡಾವಣೆಗಳ ಖಾಸಗಿ ಕ್ಲಿನಿಕ್‌ಗಳು, ಎಲ್ಲಿಗೇ ಹೋದರೂ ಹೊರಡುವ ಮೊದಲು ಎರಡು ಪ್ರಶ್ನೆ ಫೋನಿನಲ್ಲಿ ಕೇಳಿ: ಬೆಕ್ಕಿನ ರಕ್ತಪರೀಕ್ಷೆಯ ಮಾದರಿ ಇವತ್ತು ತೆಗೆಯುತ್ತೀರಾ, ಉಪವಾಸ ಬೇಕೇ. ಮರಿಗೂ, ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕಿಗೂ ಸ್ವಂತ ಬುದ್ಧಿಯಿಂದ ಉಪವಾಸ ಹಾಕಬೇಡಿ.

ಇಳಿಯುತ್ತಿರುವ ಬೆಕ್ಕಿಗೆ ಮೊದಲ ಸುತ್ತಿನಲ್ಲಿ ಆಗಬೇಕಾದವು: ಪೂರ್ಣ ರಕ್ತಕಣ ಎಣಿಕೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಗ್ಲುಕೋಸ್, ಮೂತ್ರಪರೀಕ್ಷೆ, ಮಲಪರೀಕ್ಷೆ, ಏಳೆಂಟು ವರ್ಷ ದಾಟಿದ್ದರೆ ಟಿ4 (ಥೈರಾಯ್ಡ್ ಹಾರ್ಮೋನಿನ ಪರೀಕ್ಷೆ), ಸಾಧ್ಯವಾದರೆ ರಕ್ತದೊತ್ತಡ. ಟಿ4 ಒಮ್ಮೆ ‘ನಾರ್ಮಲ್’ ಬಂದ ಮಾತ್ರಕ್ಕೆ ಥೈರಾಯ್ಡ್ ಬಿಟ್ಟುಬಿಡಬೇಡಿ. ಆರಂಭದಲ್ಲಿ, ಅಥವಾ ಜೊತೆಗೆ ಬೇರೆ ಕಾಯಿಲೆ ಇದ್ದಾಗ, ಅದು ಮಿತಿಯೊಳಗೇ ಕಾಣಿಸಿಕೊಳ್ಳುವುದುಂಟು. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಇವೆಲ್ಲ ಸರಿಯಿದ್ದೂ ತೂಕ ಇಳಿಯುತ್ತಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್, ಬಿ12.

## ಹಂತ 7: ಹುಳದ ಔಷಧ, ಸರಿಯಾದ ರೀತಿಯಲ್ಲಿ

ಮನುಷ್ಯರ ಆಲ್ಬೆಂಡಜೋಲ್ ಬೆಕ್ಕಿಗೆ ಬೇಡ, ಅದು ಮೂಳೆಮಜ್ಜೆಯನ್ನು ಕೆಡಿಸಬಲ್ಲದು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್, ದುಂಡುಹುಳಕ್ಕೆ ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್. ಎಲ್ಲವೂ ತೂಕದ ಮೇಲೆ. ಹಂತ 1ರ ತೂಕ ಇಲ್ಲೂ ಕೆಲಸಕ್ಕೆ ಬಂತು. ದುಂಡುಹುಳಕ್ಕೆ ಒಂದೇ ಸಲ ಸಾಲದು, ದೇಹದಲ್ಲಿ ಅಲೆಯುತ್ತಿರುವ ಮರಿಹುಳು ಕರುಳಿಗೆ ಬಂದ ಮೇಲೆ, ಎರಡು ಮೂರು ವಾರಕ್ಕೆ, ಮತ್ತೆ ಹಾಕಬೇಕು.

‘ಮಾತ್ರೆ ಹಾಕಿದ್ರೂ ಅಕ್ಕಿಕಾಳು ಮತ್ತೆ ಬಂತು’ ಎಂಬ ದೂರಿಗೆ ಬಹುತೇಕ ಕಾರಣ ಚಿಗಟ. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗುತ್ತದೆ, ಅದರೊಳಗಿದ್ದ ಲಾಡಿಹುಳದ ಮರಿ ಕರುಳು ಸೇರುತ್ತದೆ. ಚಿಗಟ ಹೋಗದೆ ಹುಳು ಹೋಗುವುದಿಲ್ಲ. ಚಿಗಟಕ್ಕೆಂದು ನಾಯಿಯ ಕುತ್ತಿಗೆಗೆ ಹಾಕುವ ದ್ರಾವಣವನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು. ನೆಲ ಒರೆಸುವ ಫಿನಾಯಿಲ್, ಬಟ್ಟೆಯ ನ್ಯಾಫ್ತಲೀನ್ ಗುಳಿಗೆ, ಕರ್ಪೂರ ಇವುಗಳೂ ಬೆಕ್ಕಿನ ಲಿವರ್ ಸಂಭಾಳಿಸಲಾಗದ ವಸ್ತುಗಳು.

## ಹಂತ 8: ಕಾಯಿಲೆ ಇಲ್ಲವೆಂದಾದ ಮೇಲೆ ಊಟದ ಲೆಕ್ಕ

ದೇಹತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 4 ಕೆ.ಜಿ.ಗೆ 190. ಆಪರೇಶನ್ ಆದ, ಮನೆಯೊಳಗೇ ಇರುವ ಬೆಕ್ಕಿಗೆ ಅದನ್ನು 1.2ರಿಂದ ಗುಣಿಸಿ: ದಿನಕ್ಕೆ ಸುಮಾರು 228 ಕಿಲೋಕ್ಯಾಲರಿ.

ಪ್ಯಾಕೆಟ್ಟಿನ ಮೇಲೆ ಕ್ಯಾಲರಿ ಬರೆದಿಲ್ಲವೇ? ಹೀಗೆ ತೆಗೆಯಿರಿ. ಪ್ರೋಟೀನ್ 32, ಕೊಬ್ಬು 12, ನಾರು 4, ಬೂದಿ 8, ತೇವ 10 ಎಂದಿದ್ದರೆ ಕೂಡಿಸಿ 66. ನೂರರಲ್ಲಿ ಉಳಿದ 34 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ: 112, 119, 102. ಒಟ್ಟು 100 ಗ್ರಾಮಿಗೆ 333 ಕಿಲೋಕ್ಯಾಲರಿ. ನಮ್ಮ ಬೆಕ್ಕಿಗೆ ದಿನಕ್ಕೆ 68 ಗ್ರಾಂ. ಇದರಲ್ಲಿ ಸ್ವಲ್ಪ ಭಾಗವನ್ನು ವೆಟ್ ಫುಡ್ಡಿಗೆ ಬದಲಿಸಿದರೆ ಅದೇ ಕ್ಯಾಲರಿಗೆ ಬಟ್ಟಲು ಹೆಚ್ಚು ತುಂಬುತ್ತದೆ, ನೀರೂ ಒಳಹೋಗುತ್ತದೆ. ಬರಿಯ ಬೇಯಿಸಿದ ಕೋಳಿಮಾಂಸದ ಮೇಲೆ ಇಡಬೇಡಿ, ಕ್ಯಾಲ್ಸಿಯಂ ಸಿಗುವುದಿಲ್ಲ.

ದಪ್ಪಗಿರುವ ಬೆಕ್ಕಿಗೆ ಈಗಿನ ತೂಕ ಬಿಟ್ಟು ಇರಬೇಕಾದ ತೂಕದ ಮೇಲೆ ಲೆಕ್ಕ ಹಾಕಿ, 1.2ರ ಗುಣಾಕಾರ ಬೇಡ. 5.5 ಕೆ.ಜಿ. ಇದ್ದು 4.5 ಇರಬೇಕಾದದ್ದಕ್ಕೆ 205 ಕಿಲೋಕ್ಯಾಲರಿಯಿಂದ ಶುರು. ವಾರಕ್ಕೆ ತೂಕದ 0.5ರಿಂದ 1% ಇಳಿದರೆ ಸಾಕು, ಇಲ್ಲಿ ಸುಮಾರು 27ರಿಂದ 55 ಗ್ರಾಂ. 2% ದಾಟಲೇಬಾರದು. ದಪ್ಪ ಬೆಕ್ಕನ್ನು ಎರಡು ಮೂರು ದಿನ ಉಪವಾಸ ಕೆಡವಿದರೆ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ ಲಿವರ್ ಕೂತುಬಿಡುತ್ತದೆ. ಹೊಸ ಆಹಾರವನ್ನು ಮುಟ್ಟದಿದ್ದರೆ ‘ಹಸಿದಾಗ ತಿನ್ನುತ್ತೆ ಬಿಡಿ’ ಎನ್ನುವುದೂ ಇದೇ ಹಾದಿ; ಬದಲಾವಣೆ 7ರಿಂದ 10 ದಿನದಲ್ಲಿ, ಸ್ವಲ್ಪ ಸ್ವಲ್ಪ ಬೆರೆಸಿ.

ದಿನದ ಪಾಲನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಅಳೆದಿಡಿ. ಯಾರು ಹಾಕಿದರೂ ಆ ಡಬ್ಬಿಯಿಂದಲೇ. ಖಾಲಿಯಾದರೆ ಅಂದಿಗೆ ಮುಗಿಯಿತು. ನಾಲ್ಕೈದು ಸಣ್ಣ ಊಟವಾಗಿ ಹಂಚಿ. ಒಂದು ಊಟವನ್ನು ಮೊಟ್ಟೆ ಟ್ರೇಯ ಗುಳಿಗಳಲ್ಲಿ ಚದುರಿಸಿ, ಕಾಳು ಕಾಳಾಗಿ ಹುಡುಕಿ ತಿನ್ನಲಿ. ಗಬಗಬ ತಿಂದು ಕಕ್ಕುವುದಕ್ಕೂ ಇದೇ ಮದ್ದು. ಎರಡು ಬೆಕ್ಕಿದ್ದರೆ ಎರಡು ಕೋಣೆ, ಬಾಗಿಲು ಹಾಕಿ, 20 ನಿಮಿಷಕ್ಕೆ ಬಟ್ಟಲು ಎತ್ತಿ.

## ಹಂತ 9: ಬೆಳಗಿನ ಜಾವದ ಕೂಗು

ಕೂಗಿದಾಗ ಎದ್ದು ಹಾಕಿದರೆ ಕೂಗಿದರೆ ಸಿಗುತ್ತದೆ ಎಂದು ಕಲಿಯುತ್ತದೆ. ಬೈದರೂ ಅದೇ ಪಾಠ, ನೀವು ಎದ್ದಿರಲ್ಲ. ಟೈಮರ್ ಇರುವ ಫೀಡರನ್ನು ಈಗ ಕೂಗುವ ಹೊತ್ತಿಗಿಂತ ಕಾಲುಗಂಟೆ ಮೊದಲಿಗೆ ಹೊಂದಿಸಿ. ಬೆಕ್ಕು ನಿಮ್ಮ ಬದಲು ಯಂತ್ರದ ಮುಂದೆ ಕಾಯಲು ಕಲಿಯುತ್ತದೆ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಮುಂದೂಡುತ್ತಾ ಹೋಗಿ. ಬೆಸ್ಕಾಂ ಕೈಕೊಟ್ಟ ರಾತ್ರಿ ಕಲಿಸಿದ್ದೆಲ್ಲ ಕೊಚ್ಚಿಹೋಗದಿರಲು ಬ್ಯಾಟರಿಯೂ ಇರುವ ಫೀಡರ್ ಕೊಳ್ಳಿ.

ಮಲಗುವ ಮುಂಚೆ ಹತ್ತು ನಿಮಿಷ ಓಡಿಸಿ ಆಡಿಸಿ, ಆಮೇಲೆ ದಿನದ ಕೊನೆಯ ಪಾಲು. ಮೊದಲ ಕೆಲವು ರಾತ್ರಿ ಕೂಗು ಕಡಿಮೆಯಾಗುವ ಬದಲು ಏರುತ್ತದೆ, ಇಷ್ಟು ದಿನ ಫಲಿಸಿದ್ದು ಯಾಕೆ ಫಲಿಸುತ್ತಿಲ್ಲ ಎಂದು ಜೋರಾಗಿ ಪ್ರಯತ್ನಿಸುತ್ತದೆ. ಸೋಲುವುದು ಹೆಚ್ಚಾಗಿ ಇಲ್ಲೇ. ಆಗ ಎದ್ದರೆ ಇನ್ನೂ ಜೋರಾಗಿ ಕೂಗಬೇಕೆಂದು ಕಲಿಸಿದಂತಾಯಿತು.

## ಔಷಧ ಶುರುವಾದ ಮೇಲೆ

ಇನ್ಸುಲಿನ್ ಹಾಕುತ್ತಿರುವ ಬೆಕ್ಕಿನ ಆಹಾರವನ್ನು ವೈದ್ಯರಿಗೆ ಹೇಳದೆ ಬದಲಿಸಬೇಡಿ; ಪಿಷ್ಟ ಕಡಿಮೆಯಾದರೆ ಅದೇ ಡೋಸ್ ಹೆಚ್ಚಾಗುತ್ತದೆ. ರಕ್ತದ ಸಕ್ಕರೆ ತೀರ ಇಳಿದು ತೂರಾಡಿದರೆ, ನಡುಗಿದರೆ ಒಸಡಿಗೆ ಜೇನುತುಪ್ಪ ಅಥವಾ ಗ್ಲುಕೋಸ್ ನೀರು ಸವರಿ ಆಸ್ಪತ್ರೆಗೆ ಓಡಿ, ಬಾಯಿಗೆ ಸುರಿಯಬೇಡಿ. ಊಟ ಮಾಡದ ದಿನ ಪೂರ್ತಿ ಡೋಸ್ ಹಾಕುವ ಮೊದಲು ಫೋನ್ ಮಾಡಿ.

ಥೈರಾಯ್ಡ್ ಮಾತ್ರೆ ಶುರುವಾದ ಎರಡರಿಂದ ನಾಲ್ಕು ವಾರಕ್ಕೆ ಟಿ4 ಜೊತೆಗೆ ಕಿಡ್ನಿ ಪರೀಕ್ಷೆಯೂ ಆಗಲೇಬೇಕು. ಥೈರಾಯ್ಡಿನ ಅಬ್ಬರದಲ್ಲಿ ರಕ್ತ ಹೆಚ್ಚು ಹರಿಯುತ್ತಿದ್ದುದರಿಂದ ಮರೆಯಾಗಿದ್ದ ಕಿಡ್ನಿಯ ಸೋಲು ಈಗ ಹೊರಬರಬಹುದು. ಮುಖ ಕೆರೆದುಕೊಂಡು ಗಾಯ ಮಾಡಿಕೊಂಡರೆ, ವಾಂತಿಯಾದರೆ, ಊಟ ಬಿಟ್ಟರೆ ಮಾತ್ರೆಯ ದುಷ್ಪರಿಣಾಮ ಇರಬಹುದು, ಮುಂದಿನ ಮಾತ್ರೆಗೆ ಮೊದಲು ಕೇಳಿ.

ತೂಕವನ್ನು ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ನೋಡುತ್ತಿರಿ. ನಾಲ್ಕು ವಾರದಲ್ಲಿ ಹಸಿವು ಇಳಿದು ತೂಕ ನಿಲ್ಲದಿದ್ದರೆ ಅದೇ ಚೀಟಿಯ ಮಾತ್ರೆ ಮತ್ತೆ ಕೊಳ್ಳುವ ಬದಲು ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ.